ಅಂಬಲಿಯ ಪಾಲುಗಾರರು

"ಮಜ್ಜಿಗೆಗೆ ಹೋದವನಿಗೆ ಎಮ್ಮೆಯ ಕ್ರಯವೇಕೆ?" ಎಂಬುದು ಹಳೆಯ ಗಾದೆ. ಅಧಿಕಪ್ರಸಂಗಿಯ ಬಾಯಿ ಮುಚ್ಚಿಸುವುದಕ್ಕೆ ಇದಕ್ಕಿಂತ ಸೊಗಸಾದ ಮಾತು ನಮ್ಮ ಭಾಷೆಯಲ್ಲಿ ಹೆಚ್ಚಿಲ್ಲ. ಆದರೆ ಈಚೆಗೆ ಎಮ್ಮೆಯ ಕ್ರಯವನ್ನೂ ಕೇಳಬೇಕಾದ ಪ್ರಸಂಗ ನನಗೆ ಒದಗಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ರಜೆಗೆಂದು ಊರಿಗೆ ಬಂದವನು, ಗುರುಗಳನ್ನು ಬರಿಗೈಯಲ್ಲಿ ಕಾಣಬಾರದೆಂದು ಒಂದು ಗಾಜಿನ ಸೀಸೆಯನ್ನು ತಂದುಕೊಟ್ಟನು. ಒಳಗೆ ಮಬ್ಬುಬಣ್ಣದ ಹುಳಿಪಾನೀಯ. ಹೊರಗೆ 'ಪ್ರೊಬಯಾಟಿಕ್' ಎಂಬ ದೊಡ್ಡ ಅಕ್ಷರದ ಬಿರುದು. "ಇದರಾಗ ಜೀವಂತ ಸೂಕ್ಷ್ಮಾಣು ಇರ್ತಾವ್ರಿ ಸರ. ಹೊಟ್ಟಿಗಿ ಭಾಳ ಛಲೋ" ಎಂದನು. ಬೆಲೆ ಕೇಳಿದೆನು. ಅವನು ಸಂಕೋಚದಿಂದಲೇ ಹೇಳಿದನು. ಆ ಹಣದ ಜೋಳವನ್ನು ಕೊಂಡರೆ ನಮ್ಮ ಗೊಬ್ಬೂರಿನಲ್ಲಿ ಒಂದು ಮನೆಯವರು ವಾರಗಟ್ಟಲೆ ಅಂಬಲಿ ಕುಡಿದು, ಮಿಕ್ಕುದನ್ನು ಕೋಳಿಗಳಿಗೂ ಹಾಕಬಹುದು.

ಕೋಳಿಗಳ ಮಾತನ್ನು ನಾನು ಅಲಂಕಾರಕ್ಕಾಗಿ ಸೇರಿಸಿದೆನೆಂದು ವಾಚಕರು ಭಾವಿಸಬಾರದು. ಹತ್ತು ವರ್ಷಗಳ ಹಿಂದೆ ನಾವು ಊರೊಳಗಿನ ಹಳೆಯ ಮನೆಯನ್ನು ಬಿಟ್ಟು, ಊರ ಹೊರಗಿನ ಪ್ಲಾಟಿನಲ್ಲಿ ಹೊಸ ಮನೆ ಕಟ್ಟಿಕೊಂಡೆವು. ನಮ್ಮ ಹಿತ್ತಿಲಿಗೂ ನೆರೆಮನೆಯ ಹಿತ್ತಿಲಿಗೂ ನಡುವೆ ಶಹಾಬಾದಿನ ಪರಸಿಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ ಸೊಂಟದೆತ್ತರದ ಬೇಲಿ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಆಚೆಯದು ಹದಿನೈದಿಪ್ಪತ್ತು ಜವಾರಿ ಕೋಳಿಗಳ ದೊಡ್ಡ ಸಂಸಾರ. ಅದರ ಯಜಮಾನಿಯನ್ನು ನಾವೆಲ್ಲರೂ ಆಯಿ ಎಂದೇ ಕರೆಯುತ್ತೇವೆ. ಆಕೆ ಅಕ್ಷರ ಬಲ್ಲವಳಲ್ಲ. ಆದರೆ ನನ್ನ ವಿದ್ಯಾರ್ಥಿಯು ಸೀಸೆಯ ಮೇಲೆ ಓದಿಕೊಂಡು ಬಂದ ವಿಷಯದಲ್ಲಿ ಆಕೆಗಿರುವಷ್ಟು ಅನುಭವ ಆ ಸೀಸೆಯನ್ನು ಮಾಡಿದವರಿಗಿದೆಯೋ ಇಲ್ಲವೋ, ನಾನರಿಯೆ.

ಚೈತ್ರ ಕಳೆದು ವೈಶಾಖ ಬಂದಿತೆಂದರೆ ನಮ್ಮ ಕಡೆಯ ಎರೆಭೂಮಿ ಬಾಯಿ ಬಿಡುತ್ತದೆ. ಅದರೊಡನೆ ಕೋಳಿಗಳೂ ಬಾಯಿ ಬಿಡುತ್ತವೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಮೈಯ ಕಾವನ್ನು ಅದು ಕೊಕ್ಕು ತೆರೆದು, ಏದುಸಿರು ಬಿಟ್ಟು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಕಳೆದುಕೊಳ್ಳಬೇಕು. 42 ಡಿಗ್ರಿಯ ಬಿಸಿಲಿನಲ್ಲಿ ಅವು ಗೋಡೆಯ ನೆರಳಿಗೆ ಒತ್ತಿಕೊಂಡು ನಿಂತಿರುವುದನ್ನು ಕಂಡರೆ ಪರೀಕ್ಷೆಯ ಹಾಲಿನ ನೆನಪಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಆಯಿಯು ಒಡೆದ ಗಡಿಗೆಯ ತಳಭಾಗವೊಂದರಲ್ಲಿ ತೆಳುವಾದ ಹುಳಿ ಅಂಬಲಿಯನ್ನು ತಂದು ನೆರಳಿನಲ್ಲಿಡುತ್ತಾಳೆ. ಮೊದಲು ಹುಂಜ, ಅನಂತರ ಹೇಟೆಗಳು, ಕೊನೆಗೆ ಮರಿಗಳು. ಒಂದೊಂದು ಗುಟುಕಿಗೂ ತಲೆ ಮೇಲೆತ್ತಿ ಆಕಾಶವನ್ನು ನೋಡಿ ನುಂಗುವ ಅವುಗಳ ಗಾಂಭೀರ್ಯವನ್ನು ನೋಡಿಯೇ ತಿಳಿಯಬೇಕು. ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬನೆಂದು ಗಾದೆಯಷ್ಟೆ. ಆಳನ್ನಿಟ್ಟುಕೊಳ್ಳುವ ದೌಲತ್ತು ಇಲ್ಲದ ಕೋಳಿಯು ಕುಡಿದಾದ ಮೇಲೆ ಕೊಕ್ಕನ್ನು ಅತ್ತ ಒಮ್ಮೆ ಇತ್ತ ಒಮ್ಮೆ ನೆಲಕ್ಕೆ ತಾನೇ ತಿಕ್ಕಿಕೊಂಡು ಹೊರಟುಹೋಗುತ್ತದೆ.

ಈ ಅಂಬಲಿಯನ್ನು ಮಾಡುವ ಬಗೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು; ಏಕೆಂದರೆ ಪಟ್ಟಣದ ಓದುಗರು ಅಂಬಲಿಯೆಂದೊಡನೆ ಬರಿಯ ಗಂಜಿಯನ್ನು ನೆನೆಯುತ್ತಾರೆ. ಮಾಲದಂಡಿ ಜೋಳದ ಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಅದಕ್ಕೆ ಒಂದು ಸೌಟು ಹುಳಿಮಜ್ಜಿಗೆಯನ್ನು ಕೂಡಿಸಿ, ಮಣ್ಣಿನ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ರಾತ್ರಿಯೆಲ್ಲ ಬಿಡುತ್ತಾರೆ. ಬೇಸಗೆಯಲ್ಲಿ ಬೆಳಗಾಗುವುದರೊಳಗೆ ಹುಳಿ ಏರಿರುತ್ತದೆ. ಮಾಗಿಯ ಚಳಿಯಲ್ಲಿ ಅದಕ್ಕೆ ಒಂದು ಹಗಲೂ ಬೇಕಾಗಬಹುದು. ಬಳಿಕ ಅದನ್ನು ಕುದಿಯುವ ನೀರಿಗೆ ಸುರಿದು, ಕೈಬಿಡದೆ ತಿರುವುತ್ತ ಬೇಯಿಸುತ್ತಾರೆ. ಆರಿದ ಮೇಲೆ ಮತ್ತೆ ಮಜ್ಜಿಗೆ ಬೆರೆಸಿ, ಬೆಳ್ಳುಳ್ಳಿ, ಜೀರಿಗೆ, ಶುಂಠಿ, ಹಸಿ ಮೆಣಸಿನಕಾಯಿಗಳನ್ನು ಜಜ್ಜಿ ಹಾಕಿ, ಉಪ್ಪು ಸೇರಿಸಿ, ಕೊತ್ತಂಬರಿ ಉದುರಿಸಿ ಇನ್ನೊಮ್ಮೆ ಗಡಿಗೆಯಲ್ಲಿ ತಣ್ಣಗಿಡುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ಹುಳಿಯಲ್ಲಿ ಬೆಳೆದ ಸೂಕ್ಷ್ಮಜೀವಿಗಳು ಕುದಿಯುವಾಗ ಸತ್ತುಹೋಗುತ್ತವೆ. ಅವು ಮಾಡಿದ ಕೆಲಸ ಮಾತ್ರ ಉಳಿಯುತ್ತದೆ: ಹಿಟ್ಟಿನ ರುಚಿ ಬದಲಾಗಿರುತ್ತದೆ, ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡದೆ ಕಟ್ಟಿಹಾಕುವ ಫೈಟಿಕ್ ಆಮ್ಲ ಕಡಮೆಯಾಗಿರುತ್ತದೆ. ಆರಿದ ಮೇಲೆ ಬೆರೆಸಿದ ಎರಡನೆಯ ಮಜ್ಜಿಗೆಯಿಂದಲೇ ಅಂಬಲಿಗೆ ಮತ್ತೆ ಜೀವ ಬರುತ್ತದೆ. ಎರಡು ಸಲ ಏಕೆ ಹುಳಿಸಬೇಕೆಂದು ಆಯಿಯನ್ನು ಕೇಳಿದರೆ, "ಬೆಂದದ್ದು ಸತ್ತದ್ದಲ್ರೀ ಸರ, ಮಜ್ಜಿಗಿ ಹಾಕಿದ್ರ ಎದ್ದು ಕೂಡ್ತದ" ಎಂದಳು. ಜೀವಾಣುಶಾಸ್ತ್ರದ ಅಧ್ಯಾಪಕರು ಇದಕ್ಕಿಂತ ಚಿಕ್ಕದಾಗಿ ಹೇಳಲಾರರು. ಹುಳಿಯ ಈ ಜೀವಿಗಳನ್ನು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳೆನ್ನುತ್ತಾರೆ. ಅಂದಿನ ರಷ್ಯ ಸಾಮ್ರಾಜ್ಯದಲ್ಲಿ ಹುಟ್ಟಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದ ಮೆಚ್ನಿಕಾಫ್ ಎಂಬ ವಿಜ್ಞಾನಿ, ಹುಳಿಹಾಲನ್ನು ಕುಡಿಯುವವರು ದೀರ್ಘಾಯುಗಳಾಗುತ್ತಾರೆಂದು 1907ರಲ್ಲಿ ಪ್ರತಿಪಾದಿಸಿದನು. ಮರುವರ್ಷ ಅವನಿಗೆ ನೊಬೆಲ್ ಬಹುಮಾನ ಬಂದಿತು. ಆದರೆ ಬಂದುದು ಮೊಸರಿಗಾಗಿ ಅಲ್ಲ, ದೇಹದ ರಕ್ಷಣಾಶಕ್ತಿಯ ಸಂಶೋಧನೆಗಾಗಿ. ಮೊಸರು ಮಾರುವವರು ಈ ವ್ಯತ್ಯಾಸವನ್ನು ಹೇಳುವುದನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ನಾನು ಕನ್ನಡದ ಅಧ್ಯಾಪಕ. ಆದುದರಿಂದ ಇಂಥ ವಿಷಯ ಬಂದೊಡನೆ ಹಳೆಯ ಪುಸ್ತಕಗಳ ಕಡೆಗೆ ಕೈ ಹೋಗುವುದು ಸಹಜ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ರುಬ್ಬಿ, ಮೊಸರಿನ ತಿಳಿಯನ್ನು ಬೆರೆಸುವ ಮಾತು ಇಡ್ಡಲಿಗೆಯ ಪ್ರಸ್ತಾಪದಲ್ಲಿ ಬರುತ್ತದೆ. ನಮ್ಮ ನೆರೆಯ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗದ ಭಾಗವೂ ಇದೆ, ಕೋಳಿಗಳನ್ನು ಕಾದಾಡಿಸುವ ವಿನೋದದ ಭಾಗವೂ ಇದೆ. ಒಂದೆಡೆ ಮಜ್ಜಿಗೆ, ಇನ್ನೊಂದೆಡೆ ಹುಂಜ. ಎರಡನ್ನೂ ಒಂದೇ ಹಿತ್ತಿಲಿನಲ್ಲಿ ತಂದು ಕೂಡಿಸುವುದು ಅರಸನಿಗೆ ಹೊಳೆದಿರಲಾರದು. ಅದಕ್ಕೆ ಬಡವರ ಮನೆಯೇ ಬೇಕು.

ನಮ್ಮ ಅವ್ವನಿಗೆ ಮಾತ್ರ ಈ ಕೋಳಿಗಳ ಸಹವಾಸ ಮೊದಮೊದಲು ರುಚಿಸಲಿಲ್ಲ. ನಮ್ಮ ಮನೆಯಲ್ಲಿ ಮಿಕ್ಕ ಅಂಬಲಿಯನ್ನೂ ಮಜ್ಜಿಗೆಯನ್ನೂ ನಾನು ಬೇಲಿಯಾಚೆಗೆ ದಾಟಿಸುವುದನ್ನು ಕಂಡು, "ಕೊಯ್ಯೋ ಕೋಳಿಗಿ ಕುಡಿಸಿ ನಿನಗೇನ್ ಪುಣ್ಯ ಬರ್ತದ ತಮ್ಮಾ?" ಎಂದು ಕೇಳಿದಳು. ಪ್ರಶ್ನೆ ಹಗುರವಾದುದಲ್ಲ. 1209ರಲ್ಲಿ ಜನ್ನನು ಬರೆದ 'ಯಶೋಧರ ಚರಿತೆ'ಯಲ್ಲಿ ರಾಜನೂ ಅವನ ತಾಯಿಯೂ ಬಲಿಗೊಟ್ಟುದು ಹಿಟ್ಟಿನ ಕೋಳಿಯನ್ನು. ಅಷ್ಟಕ್ಕೇ ಅವರು ಜನ್ಮಜನ್ಮಾಂತರಗಳಲ್ಲಿ ತೊಳಲಿ, ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟಬೇಕಾಯಿತು. ಇದೇ ಕಥೆಯನ್ನು ಜನ್ನನಿಗಿಂತ ಎರಡೂವರೆ ಶತಮಾನ ಮೊದಲೇ ನಮ್ಮ ಜಿಲ್ಲೆಯ ಮಳಖೇಡದಲ್ಲಿದ್ದ ಪುಷ್ಪದಂತನು ಅಪಭ್ರಂಶದಲ್ಲಿ ಹೇಳಿದ್ದನೆಂಬುದನ್ನು ತರಗತಿಯಲ್ಲಿ ನಾನು ಹೆಮ್ಮೆಯಿಂದ ಹೇಳುತ್ತೇನೆ. ಹಿಟ್ಟಿನ ಕೋಳಿಯನ್ನು ಕೊಯ್ದರೆ ಪಾಪವಾಗುವುದಾದರೆ, ಕೋಳಿಗೆ ಹಿಟ್ಟು ಕೊಟ್ಟರೆ ಪುಣ್ಯವಾಗಬಾರದೇಕೆ ಎಂದು ಅವ್ವನೊಡನೆ ವಾದಿಸಿದೆನು. ಅವಳು, "ನೀ ಸಾಲ್ಯಾಗ ಹೇಳೋದನ್ನ ಅಲ್ಲೇ ಇಡು" ಎಂದಳು.

ಎಳ್ಳಮಾಸಿಯ ದಿನ ನನ್ನ ವಾದಕ್ಕೆ ಸ್ವಲ್ಪ ಬಲ ಸಿಕ್ಕಿತು. ಮಾರ್ಗಶಿರದ ಅಮಾವಾಸ್ಯೆಯಂದು ಕಲಬುರಗಿ, ಬೀದರ ಜಿಲ್ಲೆಗಳಲ್ಲಿ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಗಡಿಯಾಚೆಯ ಲಾತೂರು, ಉಸ್ಮಾನಾಬಾದುಗಳ ಕಡೆಯೂ ಹಾಗೆಯೇ. ಉಸ್ಮಾನಾಬಾದಿಗೆ ಈಗ ಧಾರಾಶಿವವೆಂದು ಹೆಸರು. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿಗಳ ಎಡೆಯನ್ನಿಟ್ಟು, ಅದರಲ್ಲಿ ಒಂದು ಪಾಲನ್ನು ಹೊಲದ ತುಂಬ ಚರಗವೆಂದು ಚೆಲ್ಲುತ್ತಾರೆ. ಚರಗ ಯಾರಿಗೆ ಎಂದು ಅವ್ವನನ್ನೇ ಕೇಳಿದೆನು. "ಭೂಮ್ತಾಯಿಗಿ, ಹಕ್ಕಿಪಕ್ಷಿಗಿ, ಹುಳಹುಪ್ಪಡಿಗಿ" ಎಂದಳು. ಹಕ್ಕಿಪಕ್ಷಿಯಲ್ಲಿ ಕೋಳಿ ಬರುವುದೋ ಇಲ್ಲವೋ ಎಂದು ಮುಂದೆ ಕೇಳಲು ನನಗೆ ಧೈರ್ಯವಾಗಲಿಲ್ಲ. ಅವ್ವನೂ ಮರುದಿನದಿಂದ ಬೇಲಿಯ ವಿಷಯವನ್ನು ಎತ್ತಲಿಲ್ಲ.

ಇನ್ನು ಕೋಳಿಗೆ ಇದರಿಂದ ನಿಜವಾಗಿ ಪ್ರಯೋಜನವುಂಟೆ? ಈ ವಿಷಯದಲ್ಲಿ ಅತ್ಯುತ್ಸಾಹ ಒಳ್ಳೆಯದಲ್ಲ. 1973ರಲ್ಲಿ ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲ ಎಂಬಿಬ್ಬರು ವಿಜ್ಞಾನಿಗಳು, ಆಗತಾನೆ ಮೊಟ್ಟೆಯೊಡೆದು ಬಂದ ಮರಿಗಳಿಗೆ ಬೆಳೆದ ಕೋಳಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಉಣಿಸಿದರೆ ಸಾಲ್ಮೊನೆಲ್ಲ ಎಂಬ ರೋಗಾಣು ಅವುಗಳ ಹೊಟ್ಟೆಯಲ್ಲಿ ನೆಲೆಯೂರಲು ಎಡೆ ಸಿಗುವುದಿಲ್ಲವೆಂದು ತೋರಿಸಿದರು. ತಾಯಿಕೋಳಿಯ ಕಾಲಬುಡದಲ್ಲಿ ಕೆದಕಿ ತಿನ್ನುವ ಹಿತ್ತಿಲಿನ ಮರಿಗೆ ಇದು ತಾನಾಗಿಯೇ ದೊರೆಯುತ್ತದೆ. ಯಂತ್ರದಲ್ಲಿ ಹುಟ್ಟಿ ತಾಯಿಯನ್ನೇ ಕಾಣದ ಫಾರಮ್ಮಿನ ಮರಿಗೆ ದೊರೆಯುವುದಿಲ್ಲ. ಹಾಗೆ ತಾಯಿಯಿಲ್ಲದ ಮರಿಗಳನ್ನು ಸಾಕುವುದಕ್ಕೆ ಲೋಕವು ಹಿಡಿದ ಸುಲಭದ ದಾರಿಯೆಂದರೆ ಪ್ರತಿಜೀವಕ ಔಷಧಗಳನ್ನು ಮೇವಿನಲ್ಲಿಯೇ ಬೆರೆಸಿಬಿಡುವುದು. ರೋಗವಿರಲಿ ಬಿಡಲಿ, ಕೋಳಿ ಬೇಗ ಬಲಿಯುತ್ತದೆ. ಜೊತೆಗೆ ಔಷಧಕ್ಕೆ ಬಗ್ಗದ ರೋಗಾಣುಗಳೂ ಬಲಿಯುತ್ತವೆ. ಯುರೋಪಿನ ಒಕ್ಕೂಟವು ಬೆಳವಣಿಗೆಗಾಗಿ ಇಂಥ ಔಷಧ ಕೊಡುವುದನ್ನು 2006ರಲ್ಲಿ ನಿಲ್ಲಿಸಿತು. ನಮ್ಮ ದೇಶದಲ್ಲಿ, ಮನುಷ್ಯರಿಗೆ ಕೊನೆಯ ಆಸರೆಯಾಗಿ ವೈದ್ಯರು ಕಾದಿಟ್ಟುಕೊಂಡಿರುವ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮೊದಲಾದ ಆಹಾರದ ಪ್ರಾಣಿಗಳಿಗೆ ಕೊಡಬಾರದೆಂದು ಆಜ್ಞೆಯಾದುದು 2019ರಲ್ಲಿ. ಆಸ್ಪತ್ರೆಯ ಕಟ್ಟಕಡೆಯ ಬಾಣವನ್ನು ಕೋಳಿಯ ಮೇವಿನ ಚೀಲದಲ್ಲಿ ಖರ್ಚುಮಾಡುತ್ತಿದ್ದೆವೆಂಬುದನ್ನು ಓದಿದ ದಿನ ನನಗೆ ಆಯಿಯ ಒಡಕು ಗಡಿಗೆಯ ಮೇಲೆ ಗೌರವ ಹೆಚ್ಚಿತು.

ಹಾಗೆಂದು ಅಂಬಲಿಯೇ ಸರ್ವರೋಗನಿವಾರಕವೆಂದು ನಂಬುವವರ ಸಾಲಿನಲ್ಲಿ ನಾನಿಲ್ಲ. ಕೊಕ್ಕರೆ ರೋಗ ಬಂದರೆ ಮಜ್ಜಿಗೆಯಿಂದ ಏನೂ ಆಗದು. ಅದು ವೈರಸ್ಸಿನ ಕಾಟ, ಲಸಿಕೆಯೇ ಬೇಕು. ಒಂದು ವರ್ಷ ಆಯಿ ಲಸಿಕೆಯನ್ನು ಅಲಕ್ಷಿಸಿ, ನಾಲ್ಕು ದಿನಗಳಲ್ಲಿ ಹನ್ನೊಂದು ಕೋಳಿಗಳನ್ನು ಕಳೆದುಕೊಂಡಳು. ಅಂದಿನಿಂದ ಪಶುವೈದ್ಯರ ಮಾತಿಗೂ ಗಡಿಗೆಗೂ ಆಕೆಯ ಮನೆಯಲ್ಲಿ ಸಮಾನ ಸ್ಥಾನ. ಇನ್ನೊಂದು ಮಾತು: ಹುಳಿ ಬೇರೆ, ಬೂಸಲು ಬೇರೆ. ನಾವು ತಿನ್ನಲಾಗದುದನ್ನೆಲ್ಲ ಕೋಳಿಗೆ ಸುರಿಯುವ ಕೆಟ್ಟ ಅಭ್ಯಾಸ ಬಹಳ ಮನೆಗಳಲ್ಲಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಅವು ತಿಂದ ಶೇಂಗಾ ಹಿಂಡಿಗೆ ಬೂಸಲು ಹಿಡಿದಿತ್ತೆಂಬುದು ಆಮೇಲೆ ಗೊತ್ತಾಯಿತು. ಅಫ್ಲಾಟಾಕ್ಸಿನ್ ಎಂಬ ವಿಷದ ಪರಿಚಯ ಲೋಕಕ್ಕಾದುದು ಹಾಗೆ. ಆಯಿಯ ಲೆಕ್ಕ ಸರಳವಾದುದು. ಹುಳಿವಾಸನೆ ಬಂದರೆ ಕೋಳಿಗೆ. ಮೇಲೆ ಹಸಿರು, ಕಪ್ಪು ಬೂಸಲು ಕಂಡರೆ ತಿಪ್ಪೆಗೆ. ಸತುವು ಬಳಿದ ತಗಡಿನ ಡಬ್ಬಿಯಲ್ಲಿಯೂ ಕಲಾಯಿ ಹೋದ ಹಿತ್ತಾಳೆಯಲ್ಲಿಯೂ ಆಕೆ ಹುಳಿಯನ್ನಿಡುವುದಿಲ್ಲ. ಹುಳಿಗೆ ಲೋಹ ಕರಗುತ್ತದೆ. ಉಪ್ಪಂತೂ ಕೋಳಿಗೆ ಆಗಿಬರುವುದಿಲ್ಲ. ಆದುದರಿಂದ ಆಕೆಯ ಮನೆಯಲ್ಲಿ ಎರಡು ಗಡಿಗೆಗಳು: ಮನುಷ್ಯರ ಗಡಿಗೆಗೆ ಉಪ್ಪು, ಖಾರ, ಕೋಳಿಗಳ ಗಡಿಗೆ ಸಪ್ಪೆ. ಮೆಣಸಿನಕಾಯಿಯ ಉರಿ ಹಕ್ಕಿಗಳ ನಾಲಗೆಗೆ ತಟ್ಟುವುದಿಲ್ಲವೆಂದು ವಿಜ್ಞಾನಿಗಳು ಹೇಳುತ್ತಾರೆ. ಆದರೂ ಖಾರವನ್ನು ಆಕೆ ಕೋಳಿಗೆಂದು ಜಜ್ಜುವುದಿಲ್ಲ. ಅದು ದಂಡವೆಂಬುದು ಆಕೆಯ ಅಭಿಪ್ರಾಯ.

ಇಷ್ಟೆಲ್ಲ ಸುಲಭವಾಗಿರುವ ವಸ್ತು ನಮ್ಮ ಮನೆಗಳಿಂದ ಕಣ್ಮರೆಯಾಗಿ ಸೀಸೆಯೊಳಗೆ ಸೇರಿದುದು ಹೇಗೆ? ಜನ ಆಲಸಿಗಳಾದರೆಂದು ಬೈಯುವುದು ಸುಲಭ. ಆದರೆ ನನಗೆ ತೋರುವ ಕಾರಣ ಬೇರೆ. 1970ರಲ್ಲಿ ಕ್ಷೀರಮಹಾಪೂರದ ಯೋಜನೆ ಆರಂಭವಾದ ಮೇಲೆ ಒಂದೊಂದಾಗಿ ಹಳ್ಳಿಗಳ ಹಾಲು ಡೇರಿಯ ಕ್ಯಾನುಗಳಿಗೆ ಹರಿಯತೊಡಗಿತು. ಅದರಿಂದ ಹೆಣ್ಣುಮಕ್ಕಳ ಕೈಯಲ್ಲಿ ನಾಲ್ಕು ಕಾಸು ಆಡಿತು. ಮಕ್ಕಳ ಶಾಲೆಯ ಫೀಜು ಕಟ್ಟುವಂತಾಯಿತು. ಅದನ್ನು ಹಳಿಯುವ ಅಧಿಕಾರ ತಿಂಗಳ ಸಂಬಳ ಎಣಿಸುವ ನನ್ನಂಥವನಿಗಿಲ್ಲ. ಆದರೆ ಹಾಲು ಹೊರಟುಹೋದ ಮನೆಯಲ್ಲಿ ಹೆಪ್ಪಿಲ್ಲ. ಹೆಪ್ಪಿಲ್ಲದಲ್ಲಿ ಕಡಗೋಲಿಲ್ಲ, ಕಡಗೋಲಿಲ್ಲದಲ್ಲಿ ಮಜ್ಜಿಗೆಯಿಲ್ಲ. ಹಾಲಿಗೆ ಬೆಲೆ ಬಂದ ಕೂಡಲೇ ಮಜ್ಜಿಗೆಗೂ ಬೆಲೆ ಬಂದಿತು. ಅದಕ್ಕೆ ಮೊದಲು ಮಜ್ಜಿಗೆಯನ್ನು ಮಾರುವುದೆಂದರೆ ನಮ್ಮ ಕಡೆ ನಾಚಿಕೆಗೇಡು. ಕೇಳಿದವರಿಗೆ ಕೊಡಬೇಕು, ಕೊಟ್ಟು ಮಿಕ್ಕುದು ಬಾನಿಗೆ, ದನಕ್ಕೆ, ನಾಯಿಗೆ, ಕೋಳಿಗೆ.

ಇಲ್ಲಿಗೆ ಬಂದಾಗ ನನ್ನ ಲೇಖನಿ ಸ್ವಲ್ಪ ತಡೆಯುತ್ತದೆ. 'ಕೇಳಿದವರಿಗೆಲ್ಲ ಕೊಡುತ್ತಿದ್ದರು' ಎಂದು ಬರೆದು, ಹಳೆಯ ಕಾಲವನ್ನು ಹೊಗಳಿ ಮುಗಿಸಿಬಿಡಬಹುದಾಗಿತ್ತು. ಬಹಳ ಜನ ಹಾಗೆ ಬರೆದಿದ್ದಾರೆ. ನಾನೂ ಹಿಂದೆ ಬರೆದಿದ್ದೇನೆ. ಆದರೆ 1980ರ ದಶಕದ ಕೊನೆಯಲ್ಲಿ, ನನಗೆ ಎಂಟೊಂಬತ್ತು ವರ್ಷವಾಗಿದ್ದಾಗ, ಊರೊಳಗಿನ ನಮ್ಮ ಹಳೆಯ ಮನೆಯ ಬಾಗಿಲಲ್ಲಿ ಕಂಡುದನ್ನು ಬಿಟ್ಟು ಬರೆದರೆ ಅದು ಅರ್ಧಸತ್ಯವಾಗುತ್ತದೆ. ಬೆಳಗಿನಲ್ಲಿ ಅಜ್ಜಿ ಮಜ್ಜಿಗೆ ಕಡೆದಾದ ಮೇಲೆ ಓಣಿಯ ಹೆಣ್ಣುಮಕ್ಕಳು ಒಳಗೆ ಬಂದು ತಂಬಿಗೆ ತುಂಬಿಸಿಕೊಂಡು ಹೋಗುತ್ತಿದ್ದರು. ಕೇರಿಯಿಂದ ಬಂದವರು ಹೊಸ್ತಿಲ ಹೊರಗೆ, ಕಟ್ಟೆಯ ಕೆಳಗೆ ನಿಲ್ಲುತ್ತಿದ್ದರು. ಅವರ ಗಡಿಗೆಗೆ ಅಜ್ಜಿ ಮೇಲಿನಿಂದ, ಕೈ ತಾಗದಂತೆ, ಪಾತ್ರೆಗೆ ಪಾತ್ರೆ ತಾಗದಂತೆ ಸುರಿಯುತ್ತಿದ್ದಳು. ಅಜ್ಜಿ ಕ್ರೂರಿಯಾಗಿರಲಿಲ್ಲ, ಇತರರಿಗಿಂತ ಒಂದು ಸೌಟು ಹೆಚ್ಚಾಗಿಯೇ ಹಾಕುತ್ತಿದ್ದಳು. ಆದರೆ ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿ ನಲವತ್ತು ವರ್ಷಗಳಾಗುತ್ತ ಬಂದಿದ್ದರೂ ಆ ಸುದ್ದಿ ನಮ್ಮ ಕಟ್ಟೆಯನ್ನು ಏರಿ ಬಂದಿರಲಿಲ್ಲ. ಅದೇ ಹೊತ್ತಿನಲ್ಲಿ ಅದೇ ಕೇರಿಯ ಕೋಳಿಗಳು ನಮ್ಮ ಅಂಗಳಕ್ಕೆ ನಡೆದು ಬಂದು, ಮುಸುರಿಯ ಬಾನಿಯ ಅಂಚಿನ ಮೇಲೆ ಕುಳಿತು, ಕೊಕ್ಕು ಅದ್ದಿ ಮಜ್ಜಿಗೆ ಕುಡಿದು ಹೋಗುತ್ತಿದ್ದವು. ಯಾರೂ ಬಾನಿಯನ್ನು ಹುಣಿಸೆ ಹಚ್ಚಿ ತಿಕ್ಕಲಿಲ್ಲ, ಯಾರೂ ನೀರು ಚಿಮುಕಿಸಲಿಲ್ಲ. ಕೋಳಿಯ ಕೊಕ್ಕಿಗಿದ್ದ ಸಲಿಗೆ ಅದನ್ನು ಸಾಕಿದವಳ ಕೈಗೆ ಇರಲಿಲ್ಲ.

ಶಿವನು ಚೋಳರಾಜನ ಮೃಷ್ಟಾನ್ನವನ್ನು ಒಲ್ಲದೆ ಮಾದಾರ ಚೆನ್ನಯ್ಯನ ಅಂಬಲಿಯನ್ನು ಸವಿದನೆಂಬ ಕಥೆಯನ್ನು ನಾನು ಪ್ರತಿವರ್ಷವೂ ಪಾಠ ಹೇಳುತ್ತೇನೆ. ವಿದ್ಯಾರ್ಥಿಗಳು ತಲೆಯಾಡಿಸುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕ ಪಡೆಯುತ್ತಾರೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ, ಶಿವ ಕುಡಿದ. ಊರಿನವರು ಕುಡಿದ್ರೇನ್ರಿ?" ಎಂದು ಕೇಳಿದಳು. ಗಂಟೆ ಹೊಡೆಯಿತು. ಅದು ನನ್ನನ್ನು ಉಳಿಸಿತೆಂದು ಹೇಳಲಾರೆ. ಇಂದು ಜೋಳ, ಸಜ್ಜೆ, ರಾಗಿಗಳನ್ನು ಸಿರಿಧಾನ್ಯವೆಂದು ಕರೆಯುತ್ತೇವೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಅವುಗಳ ಹೆಸರಿನಲ್ಲಿಯೇ ಆಚರಿಸಿತು. ಬಡವರ ಗಡಿಗೆಯೊಳಗಿನದಕ್ಕೆ ಮರ್ಯಾದೆ ಬಂದಿದೆ, ಸಂತೋಷ. ಗಡಿಗೆಯನ್ನು ಹಿಡಿದ ಕೈಗೆ ಎಷ್ಟು ಬಂದಿದೆಯೆಂಬುದನ್ನು ಸೀಸೆಯ ಮೇಲಿನ ಚೀಟಿಯಲ್ಲಿ ಅಚ್ಚು ಹಾಕುವುದಿಲ್ಲ.

ನೆರೆಮನೆಯ ಆಯಿ ಅದೇ ಕೇರಿಯಿಂದ ಬಂದವಳು. ಬೇಲಿಯಾಚೆಗೆ ನಮ್ಮ ಮನೆಯ ಅಂಬಲಿ ಹೋಗಿ ಹತ್ತು ವರ್ಷವಾಯಿತು. ಆದರೆ ಅಲ್ಲಿಂದ ಇಲ್ಲಿಗೆ ಏನೂ ಬಂದಿರಲಿಲ್ಲ. ಕೊಡುವುದನ್ನು ಕಲಿತ ನಾವು ತೆಗೆದುಕೊಳ್ಳುವುದನ್ನು ಕಲಿತಿರಲಿಲ್ಲ. ಆಕೆಯೂ ಕೊಟ್ಟು ನೋಡಿರಲಿಲ್ಲ. ಅಜ್ಜಿಯ ಕಟ್ಟೆಯ ಕೆಳಗೆ ನಿಂತವರಲ್ಲಿ ಆಕೆಯೂ ಇದ್ದಳೋ 'ಇಲ್ಲ'ವೋ ಎಂದು ನಾನು ಕೇಳಿಲ್ಲ.

ಕಳೆದ ಎಳ್ಳಮಾಸಿಗೆ ಅವ್ವನಿಗೆ ಮೊಣಕಾಲಿನ ನೋವು ಹೆಚ್ಚಾಗಿ ಹೊಲಕ್ಕೆ ಹೋಗಲಾಗಲಿಲ್ಲ. ನಾನೂ ಮನೆಯಲ್ಲಿಯೇ ಉಳಿದೆನು. ಇಳಿಹೊತ್ತಿನಲ್ಲಿ ಹೊಲದಿಂದ ಮರಳಿದ ಆಯಿ, ಬೇಲಿಯ ಬಳಿ ನಿಂತು ಕರೆದಳು. ಕೈಯಲ್ಲಿ ಬಟ್ಟೆ ಕಟ್ಟಿದ ಗಡಿಗೆ. "ಅವ್ವಾರಿಗಿ ಕೊಡ್ರಿ ಸರ. ಕುಡೀತಾರೋ ಬಿಡ್ತಾರೋ ಗೊತ್ತಿಲ್ಲ. ಎಳ್ಳಮಾಸಿ ದಿನ ಅಂಬ್ಲಿ ಇಲ್ದ ಇರಬಾರ್ದು" ಎಂದಳು. ಗಡಿಗೆಯನ್ನು ತೆಗೆದುಕೊಳ್ಳುವಾಗ ನಮ್ಮಿಬ್ಬರ ಕೈಗಳೂ ತಾಗಿದವು.

ಅವ್ವ ಪಡಸಾಲೆಯಲ್ಲಿ ಕುಳಿತಿದ್ದಳು. "ಯಾರ ಮನೀದು?" ಎಂದು ಕೇಳಿದಳು. ಹೇಳಿದೆನು. ಸ್ವಲ್ಪ ಹೊತ್ತು ಹೊರಗೆ ನೋಡುತ್ತ ಸುಮ್ಮನಿದ್ದಳು. ಆಮೇಲೆ ಲೋಟವನ್ನು ಮುಂದೆ ಚಾಚಿದಳು. ಕುಡಿದು, ಮತ್ತೊಮ್ಮೆ ಚಾಚಿದಳು. "ಹುಳಿ ಛಲೋ ಬಂದದ. ಆದ್ರ ಉಪ್ಪಿಲ್ಲ, ಖಾರಿಲ್ಲ. ಮುದುಕಿ ಅದಾಳ ಅಂತ ಬಿಟ್ಟಾಳೋ ಏನೋ" ಎಂದಳು.

ಬರಿಗಡಿಗೆಯನ್ನು ಹಿಂದಿರುಗಿಸಬಾರದೆಂದು ಅದರಲ್ಲಿ ನಾಲ್ಕು ಹಿಡಿ ಜೋಳ ಹಾಕಿಕೊಂಡು ಬೇಲಿಯ ಬಳಿಗೆ ಹೋದೆನು. ಗಡಿಗೆಯನ್ನು ನೋಡಿದೊಡನೆ ಆಯಿ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನನ ಕರ್ಮ! ಇದು ಕೋಳೀ ಗಡಿಗಿರಿ ಸರ! ನಿಮ್ಮ ಗಡಿಗಿ ಒಳಗ ಹಂಗೇ ಕುಂತದ!" ಎಂದು ಒಳಗೆ ಓಡಿ, ಇನ್ನೊಂದು ಗಡಿಗೆಯನ್ನು ತಂದು ನನ್ನ ಕೈಗಿಟ್ಟಳು.

"ಏನಂತಾಳ ಆಕಿ?" ಎಂದು ಪಡಸಾಲೆಯಿಂದ ಅವ್ವ ಕೂಗಿದಳು.

"ಉಪ್ಪು ಹಾಕೋದು ಮರ್ತಿದ್ಳಂತ. ಇನ್ನೊಂದು ಗಡಿಗಿ ಕೊಟ್ಟಾಳ" ಎಂದು ಹೇಳಿ, ಅದನ್ನೂ ಒಳಗೆ ತಂದೆನು.